ಆವರಿಕೆ, ಬೇವಿನ ಹೂ ಹಾಕಿದ ರಾಗಿ ಮಾಲ್ಟ್ ಪಾನೀಯ: ಒಗರು ಯಾಕೆ ಬರುತ್ತೆ, ನೊರೆ ಯಾಕೆ ನಿಲ್ಲಲ್ಲ?

ಬೆಣ್ಣೆನಗರಿ (ದಾವಣಗೆರೆ)

ಹಾಪ್ಸ್ (ಬಿಯರಿಗೆ ಕಹಿ ಕೊಡೋ ಹೂ) ಬೇಡ, ಬಾರ್ಲಿ ಬೇಡ, ನಮ್ಮ ಕಡೆ ಸಿಗೋ ಧಾನ್ಯ ಮತ್ತು ಹೂವಿನಿಂದಲೇ ಬಿಯರ್ ರುಚಿಗೆ ಹತ್ತಿರದ ಪಾನೀಯ ಮಾಡಬೇಕು. ಅಮಲು ಬರೋದು ಬೇಡ, ಕಹಿ, ಹೂವಿನ ಘಮ, ಸ್ವಲ್ಪ ಗ್ಯಾಸ್ ಇಷ್ಟು ಸಾಕು. ಈ ಸಲದ ಲೆಕ್ಕ ಹೀಗಿತ್ತು:

ರಾಗಿ ಮಾಲ್ಟ್ ಹಿಟ್ಟು 250 ಗ್ರಾಂ (ಅಂಗಡಿಯದ್ದು), ಬೋರ್‌ವೆಲ್ ನೀರು ಎರಡೂವರೆ ಲೀಟರ್, ಹಸಿ ಆವರಿಕೆ ಹೂ 100 ಗ್ರಾಂ, ಒಣ ಬೇವಿನ ಹೂ 10 ಗ್ರಾಂ. ಎಲ್ಲ ಒಟ್ಟಿಗೆ ಹಾಕಿ ಅರ್ಧ ಗಂಟೆ ಕುದಿಸಿ ಸೋಸಿದ್ದು. ಆಮೇಲೆ ಬೆಲ್ಲ 60 ಗ್ರಾಂ, ಆರಿದ ಮೇಲೆ ಶುಂಠಿ ಹೆಪ್ಪು (ತುರಿದ ಶುಂಠಿ, ಸಕ್ಕರೆ ನೀರಿನಲ್ಲಿ ಯೀಸ್ಟ್ ಬೆಳೆಸಿದ್ದು) 100 ಮಿ.ಲೀ. ಬಾಟಲಿಗೆ ತುಂಬಿ 36 ಗಂಟೆ ಹೊರಗೆ, ಮನೆಯೊಳಗೆ ಉಷ್ಣತೆ 33 ಡಿಗ್ರಿ.

ಬಂದದ್ದು: ನಾಲಿಗೆ ಹಿಡಿದುಕೊಳ್ಳೋ ಒಗರು, ಗಂಟಲಿಂದ ಇಳಿಯದ ಕಹಿ, ಸಿಹಿ ಇಲ್ಲವೇ ಇಲ್ಲ, ತಳದಲ್ಲಿ ಎರಡು ಬೆರಳು ಗಂಜಿ. ಮುಚ್ಚಳ ತೆಗೆದಾಗ ನೊರೆ ಬುಸ್ ಅಂತ ಎದ್ದು ಹತ್ತು ಎಣಿಸೋದರೊಳಗೆ ಮಾಯ. ಹೂವಿನ ಘಮ ಅನ್ನೋದು ಹುಡುಕಿದರೂ ಸಿಗಲಿಲ್ಲ. ಎಲ್ಲೆಲ್ಲಿ ತಪ್ಪಿದೆ ಹೇಳಿ.

ಏಳುಸುತ್ತು (ಚಿತ್ರದುರ್ಗ)

ಮೊದಲು ಹೂವಿನ ಕಡೆಯಿಂದ ಬರುತ್ತೇನೆ, ಒಗರಿನ ಮೂಲ ಅಲ್ಲೇ ಇದೆ.

ಆವರಿಕೆ, ಅಂದರೆ ನಮ್ಮ ಹಳ್ಳಿಗಳ ಕಡೆ ತಂಗಡಿ, ಚರ್ಮ ಹದ ಮಾಡುವ ಗಿಡ. ಅದರ ತೊಗಟೆಯ ಟ್ಯಾನಿನ್ (ಒಗರು ಕೊಡುವ ಅಂಶ) ಅನ್ನು ಚರ್ಮದ ಕೆಲಸಕ್ಕೆ ಬಹುಕಾಲದಿಂದ ಬಳಸುತ್ತಾ ಬಂದಿದ್ದಾರೆ. ಹೂವಿನಲ್ಲೂ ಆ ಗುಣ ಇದೆ. ಎಸಳಿನಲ್ಲಿ ಕಡಿಮೆ, ಹಸಿರು ಪುಷ್ಪಪಾತ್ರೆ ಮತ್ತು ತೊಟ್ಟಿನಲ್ಲಿ ಹೆಚ್ಚು. ಹೂವನ್ನು ಇಡಿಯಾಗಿ ಹಾಕಿ ಅರ್ಧ ಗಂಟೆ ಕುದಿಸಿದರೆ ಟ್ಯಾನಿನ್ ಪೂರ್ತಿ ಇಳಿಯುತ್ತದೆ, ಜೇನಿನಂಥ ಆ ತೆಳುವಾದ ಘಮ ಹಬೆಯ ಜೊತೆ ಹೋಗಿಬಿಡುತ್ತದೆ. ಬೇಕಾದದ್ದು ಹೋಗಿ ಬೇಡವಾದದ್ದು ಉಳಿಯಿತು.

ಹೀಗೆ ಮಾಡಿ. ಹೂವನ್ನು ತಲೆಕೆಳಗಾಗಿ ಹಿಡಿದು ಎಸಳುಗಳನ್ನು ಮಾತ್ರ ಎಳೆದುಕೊಳ್ಳಿ. ಐದು ಎಸಳು ಸುಲಭವಾಗಿ ಕಳಚುತ್ತವೆ. ನಡುವಿನ ಕೇಸರ, ಎಳೆ ಕಾಯಿಯಂತೆ ಬಾಗಿರುವ ಭಾಗ, ಹಸಿರು ಎಲ್ಲ ಬಿಡಿ. ಲೀಟರಿಗೆ ಹಸಿ ಎಸಳು 15ರಿಂದ 20 ಗ್ರಾಂ, ನೆರಳಲ್ಲಿ ಒಣಗಿಸಿದ್ದಾದರೆ 4 ಗ್ರಾಂ. ರಾಗಿ ರಸ ಕುದಿಸಿ ಒಲೆ ಆರಿಸಿ, 80 ಡಿಗ್ರಿಗೆ ಇಳಿದ ಮೇಲೆ ಎಸಳು ಹಾಕಿ ಮುಚ್ಚಳ ಮುಚ್ಚಿ. ಹತ್ತು ನಿಮಿಷ. ಹದಿನೈದು ದಾಟಿದರೆ ಒಗರು ಶುರು. ಸೋಸುವಾಗ ಎಸಳನ್ನು ಹಿಂಡಬೇಡಿ.

ಇನ್ನು ಬೇವಿನ ಹೂ. 10 ಗ್ರಾಂ ತೀರಾ ಜಾಸ್ತಿ. ಹಾಪ್ಸ್‌ನ ಕಹಿ ನೀರಿಗೆ ಇಳಿಯಬೇಕಾದರೆ ಬಹಳ ಹೊತ್ತು ಕುದಿಯಬೇಕು, ಬೇವಿನ ಹೂವಿನ ಕಹಿ ಬಿಸಿ ನೀರು ತಾಗಿದ ಕೂಡಲೇ ಇಳಿಯುತ್ತದೆ. ಲೀಟರಿಗೆ ಒಣ ಹೂ 1 ಗ್ರಾಂ, ಐದು ನಿಮಿಷ. ಕಹಿ ಇಷ್ಟಪಡುವವರು ಒಂದೂವರೆ ಗ್ರಾಂವರೆಗೆ ಹೋಗಬಹುದು. ಬಿಸಿಯಾಗಿದ್ದಾಗ ರುಚಿ ನೋಡಿ ‘ಇನ್ನೂ ಸ್ವಲ್ಪ ಬೇಕು’ ಅನ್ನಿಸುವಷ್ಟರಲ್ಲೇ ನಿಲ್ಲಿಸಿ. ಸಿಹಿ ಕಡಿಮೆಯಾಗಿ ತಣ್ಣಗಾದ ಮೇಲೆ ಅದೇ ಕಹಿ ಎದ್ದು ಕಾಣುತ್ತದೆ.

ಮೂರನೆಯದು ನೀರು. ಗಡಸು ಬೋರ್‌ವೆಲ್ ನೀರಿನ ಕ್ಷಾರ ಒಗರನ್ನು ಹೆಚ್ಚಿಸುತ್ತದೆ. ಜೊತೆಗೆ ನಮ್ಮ ಜಿಲ್ಲೆಯ ಕೆಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರು ಬಳಸಿ.

ರಾಗಿಕಣ (ಹೊಸದುರ್ಗ)

ಬೆಣ್ಣೆನಗರಿ ಅವರೇ, ಅಂಗಡಿಯ ರಾಗಿ ಮಾಲ್ಟ್ ಅಂದಿರಲ್ಲ, ಅದು ಹುರಿದ ವಾಸನೆ ಇರೋದಾ? ಹಾಲಿಗೆ ಹಾಕಿ ಕುಡಿಯೋದಾ?

ಬೆಣ್ಣೆನಗರಿ

ಹೌದು. ಪ್ಯಾಕೆಟ್ ಮೇಲೆ ‘ಮೊಳಕೆ ಬರಿಸಿ ಹುರಿದದ್ದು’ ಅಂತಲೇ ಇದೆ.

ರಾಗಿಕಣ (ಹೊಸದುರ್ಗ)

ಹಾಗಾದರೆ ತಳದ ಗಂಜಿಗೆ ಕಾರಣ ಸಿಕ್ಕಿತು. ಮೊಳಕೆ ಬಂದ ರಾಗಿಯಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಹುಟ್ಟುತ್ತದೆ. ಹುರಿದರೆ ಅದು ಸತ್ತುಹೋಗುತ್ತದೆ. ಅಂಬಲಿಗೆ, ಮಗುವಿನ ಸರಿಗೆ ಅದು ಚೆನ್ನ, ಈ ಕೆಲಸಕ್ಕೆ ಬರಲ್ಲ. ನೀವು ಕುಡಿದದ್ದು ಹೂ ಹಾಕಿದ ತೆಳು ಅಂಬಲಿ. ಸಿಹಿ ಅಂತ ಇದ್ದದ್ದು ಬೆಲ್ಲದ್ದು ಮಾತ್ರ, ಅದನ್ನು 36 ಗಂಟೆಯಲ್ಲಿ ಹೆಪ್ಪು ತಿಂದು ಮುಗಿಸಿದೆ.

ಹುರಿಯದ ಮಾಲ್ಟ್ ಆಗಿದ್ದರೂ ಒಮ್ಮೆಲೇ ಕುದಿಸಿದ್ದು ತಪ್ಪೇ. ರಾಗಿಯಲ್ಲಿ ಒಂದು ತೊಡಕಿದೆ. ಅದರ ಪಿಷ್ಟ ಬೇಯಬೇಕಾದರೆ ಬಿಸಿ ಹೆಚ್ಚು ಬೇಕು, ಕಿಣ್ವ ಬದುಕಬೇಕಾದರೆ ಬಿಸಿ ಕಡಿಮೆ ಇರಬೇಕು. ಬಾರ್ಲಿಯಲ್ಲಿ ಎರಡೂ ಒಂದೇ ಬಿಸಿಯಲ್ಲಿ ನಡೆದುಹೋಗುತ್ತವೆ, ಕಿರುಧಾನ್ಯದಲ್ಲಿ ಅಷ್ಟು ಸುಲಭವಲ್ಲ. ಅದಕ್ಕೆ ಕಿಣ್ವವನ್ನು ಮೊದಲೇ ಬೇರೆ ತೆಗೆದಿಟ್ಟುಕೊಳ್ಳಬೇಕು.

ಮೊಳಕೆ: ರಾಗಿ 1 ಕೆ.ಜಿ. ಮೂರು ನಾಲ್ಕು ನೀರು ತೊಳೆದು 12 ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ. ಬಸಿದು ಒದ್ದೆ ಪಂಚೆಯಲ್ಲಿ ಸಡಿಲವಾಗಿ ಕಟ್ಟಿ. ಬಿಗಿಯಾಗಿ ಕಟ್ಟಿದರೆ ಗಂಟಿನ ಒಳಗೆ ಕಾವು ಏರಿ ಹುಳಿ ವಾಸನೆ ಹಿಡಿಯುತ್ತದೆ. ಎಂಟು ಗಂಟೆಗೊಮ್ಮೆ ಬಿಚ್ಚಿ ಕೈಯಾಡಿಸಿ ನೀರು ಚಿಮುಕಿಸಿ. 36ರಿಂದ 48 ಗಂಟೆಗೆ ಬಿಳಿ ಬೇರು ಒಂದು ಸೆಂಟಿಮೀಟರ್ ಆಗುತ್ತದೆ, ಅಲ್ಲಿಗೆ ಸಾಕು. ಹಸಿರು ಚಿಗುರು ಕಂಡರೆ ಹೊತ್ತು ಮೀರಿತು ಅಂತ, ಪಿಷ್ಟವನ್ನು ಗಿಡವೇ ತಿನ್ನುತ್ತಿರುತ್ತದೆ. ತೆಳುವಾಗಿ ಹರಡಿ ಬಿಸಿಲಿಗೆ ಹಾಕಿ. ಒಂದು ಕಾಳು ಹಲ್ಲಿಗೆ ಕೊಟ್ಟರೆ ಕಟಕ್ ಅನ್ನಬೇಕು. ಒಣಗಿದ ಮೇಲೆ ಮೊರದಲ್ಲಿ ಉಜ್ಜಿ ಬೇರು ಕೇರಿ. ಬೇರು ಉಳಿದರೆ ಅದೂ ಕಹಿ. ಬಾಣಲೆಗೆ ಹಾಕಲೇಬೇಡಿ. ಮಿಕ್ಸಿಯಲ್ಲಿ ಸಣ್ಣ ರವೆಯಷ್ಟು ತರಿಯಾಗಿ ಒಡೆಯಿರಿ. ನುಣ್ಣಗಾದರೆ ಸೋಸುವಾಗ ಬಟ್ಟೆ ಕಟ್ಟಿಕೊಳ್ಳುತ್ತದೆ.

ರಸ ತೆಗೆಯುವುದು: 250 ಗ್ರಾಂ ತರಿಗೆ 45 ಡಿಗ್ರಿಯ ನೀರು 1 ಲೀಟರ್. ಅರ್ಧ ಗಂಟೆ ಆಗಾಗ ಕೈಯಾಡಿಸಿ, ಮತ್ತೆ ಅರ್ಧ ಗಂಟೆ ಅಲುಗಿಸದೆ ಬಿಡಿ. ಮೇಲೆ ತೆಳು ಕಂದು ನೀರು ನಿಲ್ಲುತ್ತದೆ, ಕಿಣ್ವ ಇರೋದು ಅದರಲ್ಲೇ. ಅದನ್ನು ಅರ್ಧ ಲೀಟರ್ ಮೆಲ್ಲಗೆ ಬಗ್ಗಿಸಿ ತೆಗೆದಿಡಿ. ತಳದ ಗಸಿಗೆ ಕುದಿಯುವ ನೀರು ಒಂದೂವರೆ ಲೀಟರ್ ಹಾಕಿ, ಹತ್ತು ನಿಮಿಷ ಗಂಜಿಯಂತೆ ಬೇಯಿಸಿ. ಗಂಜಿ 68 ಡಿಗ್ರಿಗೆ ಇಳಿದ ಮೇಲೆ ತೆಗೆದಿಟ್ಟ ನೀರು ಬೆರೆಸಿ, ಹಾಟ್ ಬಾಕ್ಸ್‌ಗೆ ಹಾಕಿ ಒಂದು ಗಂಟೆ ಮುಚ್ಚಿಡಿ. ಚಮಚ ನಿಲ್ಲುವಷ್ಟು ಗಟ್ಟಿ ಇದ್ದ ಗಂಜಿ ಕಾಲು ಗಂಟೆಯಲ್ಲಿ ಮಜ್ಜಿಗೆಯಷ್ಟು ತೆಳುವಾಗುತ್ತದೆ. ಕಣ್ಣೆದುರೇ ಆಗುತ್ತದೆ, ನೋಡಿ.

ಗೋಲಿಸೋಡ (ಹರಿಹರ)

ರಾಗಿಕಣ ಅವರ ಕ್ರಮ ಸರಿ. 68 ಅನ್ನೋ ಅಂಕಿ ಮಾತ್ರ ತಿದ್ದಬೇಕು. ಗಂಜಿ 2 ಲೀಟರ್ 68 ಡಿಗ್ರಿ, ತೆಗೆದಿಟ್ಟ ನೀರು ಅರ್ಧ ಲೀಟರ್ ಅಷ್ಟು ಹೊತ್ತಿಗೆ ಆರಿ 30 ಡಿಗ್ರಿ. ಬೆರೆಸಿದರೆ (2000 × 68 + 500 × 30) ÷ 2500, ಸುಮಾರು 60 ಡಿಗ್ರಿ ಆಗುತ್ತೆ. ಹಾಟ್ ಬಾಕ್ಸ್ ಕೂಡ ತಣ್ಣಗಿದ್ದರೆ ಇನ್ನೂ ಎರಡು ಡಿಗ್ರಿ ಕೆಳಗೆ. ಆ ಬಿಸಿಯಲ್ಲಿ ಹುದುಗೋ ಸಕ್ಕರೆಯೇ ಹೆಚ್ಚು ಹುಟ್ಟುತ್ತೆ. ಮದ್ಯ ಮಾಡೋರಿಗೆ ಅದು ಬೇಕು, ನಮಗೆ ಉಲ್ಟಾ. ನಮಗೆ ಬಾಯಿಗೆ ಸಿಗೋ ಮೈ (ದಪ್ಪ) ಬೇಕು, ಹುದುಗೋ ಸಕ್ಕರೆ ಕಡಿಮೆ ಇರಬೇಕು. ಅದಕ್ಕೆ ಬೆರೆತ ಮೇಲೆ 70 ನಿಲ್ಲಬೇಕು. ಲೆಕ್ಕ ಹಿಂದಕ್ಕೆ ಹಾಕಿದರೆ ಗಂಜಿ 80ರಲ್ಲಿರಬೇಕು. ಆದರೆ ಕಿಣ್ವದ ನೀರನ್ನು 80ರ ಗಂಜಿಗೆ ಹೊಯ್ಯಬೇಡಿ, ಮೊದಲು ಬಿದ್ದದ್ದು ಸುಟ್ಟುಹೋಗುತ್ತೆ. ಕಿಣ್ವದ ನೀರನ್ನು ಪಾತ್ರೆಯಲ್ಲಿಟ್ಟು, ಗಂಜಿಯನ್ನು ಸೌಟಿನಲ್ಲಿ ಅದಕ್ಕೆ ಹಾಕ್ತಾ ಕಲಸಿ. ಹಾಟ್ ಬಾಕ್ಸ್‌ಗೆ ಮೊದಲೇ ಕುದಿಯೋ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ.

ರಾಗಿಕಣ

ಒಪ್ಪಿದೆ. ತೆಗೆದಿಟ್ಟ ನೀರು ಆರಿರುತ್ತದೆ ಅನ್ನೋದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. 80 ಅಂತಲೇ ಓದಿಕೊಳ್ಳಿ. ಆಯಿತೋ ಇಲ್ಲವೋ ತಿಳಿಯಲು ಬಿಳಿ ತಟ್ಟೆಯ ಮೇಲೆ ಒಂದು ಹನಿ ರಸ, ಅದಕ್ಕೆ ಒಂದು ಹನಿ ಟಿಂಕ್ಚರ್ ಅಯೋಡಿನ್. ನೀಲಿ ಕಪ್ಪಾದರೆ ಪಿಷ್ಟ ಉಳಿದಿದೆ, ಇನ್ನೂ ಅರ್ಧ ಗಂಟೆ ಬಿಡಿ. ಕೆಂಪು ಕಂದು ಅಥವಾ ಅಯೋಡಿನ್ನಿನ ಬಣ್ಣವೇ ನಿಂತರೆ ಆಯಿತು. ಆ ಹನಿಯನ್ನು ಚೆಲ್ಲಿ ತಟ್ಟೆ ತೊಳೆಯಿರಿ, ಪಾತ್ರೆಗೆ ವಾಪಸ್ ಹಾಕಬೇಡಿ. ಆಮೇಲೆ ಪಂಚೆಯಲ್ಲಿ ಸೋಸಿ, ಹತ್ತು ನಿಮಿಷ ಕುದಿಸಿ, ಒಲೆ ಆರಿಸಿ. ಏಳುಸುತ್ತು ಅವರು ಹೇಳಿದಂತೆ ಹೂ ಹಾಕೋದು ಇಲ್ಲಿ. ಸುಮಾರು 2 ಲೀಟರ್ ರಸ ಬರುತ್ತದೆ.

ಜಗಳೂರು ಜಾಲಿ

ಹೂವು ಎಲ್ಲಿಂದ ತರ್ತೀರಿ ಅನ್ನೋದು ಯಾರೂ ಕೇಳಲಿಲ್ಲ, ಅದಕ್ಕೆ ಬರೀತಿದೀನಿ.

ಹೈವೇ ಬದೀಲಿ ಆವರಿಕೆ ಸಾಲುಗಟ್ಟಿ ಐತೆ, ಕೈಗೆ ಸಿಗ್ತತೆ ಅಂತ ಕೀಳಬ್ಯಾಡ್ರಿ. ಹೊಗೆ, ಟೈರಿನ ಧೂಳು ಎಲ್ಲ ಎಸಳಿಗೆ ಮೆತ್ತಿರ್ತತೆ, ತೊಳೆದ್ರೂ ಪೂರ್ತಿ ಹೋಗಂಗಿಲ್ಲ. ಮೆಕ್ಕೆಜೋಳ, ಹತ್ತಿ, ಈರುಳ್ಳಿ ಹೊಲದ ಬದುವಿನದ್ದೂ ಬ್ಯಾಡ, ಔಷಧಿ ಹೊಡೆದಿರ್ತಾರೆ. ಹೊಲದವರನ್ನ ಕೇಳ್ರಿ, ‘ಯಾವಾಗ ಹೊಡೆದಿದ್ರಿ’ ಅಂತ. ಬೀಳು ಬಿಟ್ಟ ನೆಲ, ಗೋಮಾಳದ ಅಂಚು ಒಳ್ಳೇದು. ಕಾಡಿನೊಳಗೆ ಹೋಗಬ್ಯಾಡ್ರಿ. ನಮ್ಮ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮ, ಚಿತ್ರದುರ್ಗದ ಜೋಗಿಮಟ್ಟಿ, ಇವು ರಕ್ಷಿತ ಜಾಗ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ದೆ ಅಲ್ಲಿಂದ ಹೂವೂ ತರಂಗಿಲ್ಲ.

ಗುರುತು ತಪ್ಪಬಾರದು. ಆವರಿಕೆ ಗುರುತು ಅಂದ್ರೆ ಕಿವಿ. ಎಲೆ ತೊಟ್ಟು ಕಡ್ಡಿಗೆ ಸೇರೋ ಜಾಗದಾಗೆ ಎರಡೂ ಕಡೆ ಕಿವಿ ಹಾಲೆಯಂಥ ಸಣ್ಣ ಎಲೆ ಇರ್ತತೆ. ಕಾಯಿ ಚಪ್ಪಟೆ, ಒಣಗಿದ್ರೆ ಕಾಗದದಂಗೆ ತೆಳು, ಕಂದು. ಕಿವಿ ಇಲ್ಲ ಅಂದ್ರೆ ಬಿಟ್ಟುಬಿಡ್ರಿ, ಹಳದಿ ಹೂ ಬಿಡೋ ತಗಚೆ ಜಾತಿ ಬ್ಯಾರೆ ಬ್ಯಾರೆ ಅದಾವೆ, ಕೆಲವು ವಿಷ. ಹಳದಿ ಕಣಗಿಲೆ ಅಂತೂ ಹೃದಯ ನಿಲ್ಲಿಸೋ ವಿಷ. ಅದರ ಹೂ ಆಲಿಕೆಯಂಗೆ ಕೂಡಿಕೊಂಡಿರ್ತತೆ, ಮುರಿದ್ರೆ ಹಾಲು ಸುರೀತತೆ. ಆವರಿಕೆಯಾಗೆ ಹಾಲು ಬರಂಗಿಲ್ಲ, ಎಸಳು ಐದೂ ಬಿಡಿಬಿಡಿ. ಕೆಂಪು ಕಣಗಿಲೆ, ಉಮ್ಮತ್ತಿ, ಎಕ್ಕ, ಲಂಟಾನ, ಗೌರಿ ಹೂ, ಹೊಂಗೆ ಇವ್ಯಾವೂ ಬಾಯಿಗೆ ಅಲ್ಲ. ಕಕ್ಕೆ ಹೂವೂ ಬ್ಯಾಡ, ಹೊಟ್ಟೆ ಕೆಡಿಸ್ತತೆ.

ಬೇವಿನ ಹೂ ಆರಿಸೋದಕ್ಕೆ ಮಾರ್ಚ್ ಏಪ್ರಿಲ್‌ನಾಗೆ ಸಂಜೆ ಮರದ ಕೆಳಗೆ ತೊಳೆದ ಪಂಚೆ ಹಾಸ್ರಿ, ಬೆಳಿಗ್ಗೆ ಬಿಸಿಲು ಏರೋಕೆ ಮುಂಚೆ ಎತ್ತಿಕೊಳ್ರಿ. ಜರಡಿ ಹಿಡಿದ್ರೆ ಇರುವೆ, ಕಡ್ಡಿ ಹೋಗ್ತಾವೆ. ನೆರಳಾಗೆ ಮೂರು ದಿನ. ಬಿಸಿಲಿಗೆ ಹಾಕಿದ್ರೆ ಘಮ ಹೋಗಿ ಬರೀ ಕಹಿ ಉಳೀತತೆ.

ಬೆಣ್ಣೆನಗರಿ

ಜಾಲಿ ಅಣ್ಣ, ಈ ಕಿವಿ ಗುರುತು ತುಂಬಾ ಉಪಯೋಗ ಆಯ್ತು. ಹೂವಿನ ಮಾರ್ಕೆಟ್‌ನ ಮಲ್ಲಿಗೆ ಬಳಸಬಹುದಾ?

ಜಗಳೂರು ಜಾಲಿ

ಬ್ಯಾಡ. ಮುಡಿಯೋ ಹೂವಿಗೆ ಔಷಧಿ ಹೊಡೆಯೋರು ತಿನ್ನೋ ಲೆಕ್ಕದಾಗೆ ಹೊಡೆದಿರಂಗಿಲ್ಲ. ಮನೆ ಅಂಗಳದ್ದು ಇದ್ರೆ ಮಾತ್ರ.

ಏಳುಸುತ್ತು (ಚಿತ್ರದುರ್ಗ)

ಮಲ್ಲಿಗೆಯ ಕ್ರಮವೇ ಬೇರೆ, ಅದಕ್ಕೆ ಬಿಸಿ ತಾಗಲೇಬಾರದು. ದುಂಡುಮಲ್ಲಿಗೆ ಮೊಗ್ಗು ಕಿತ್ತ ಮೇಲೂ ರಾತ್ರಿ ಅರಳುತ್ತದೆ, ಘಮ ಹೊರಬರುವುದು ಅರಳುವ ಹೊತ್ತಿನಲ್ಲೇ. ಕುದಿಸಿ ಆರಿಸಿದ ನೀರು ಅರ್ಧ ಲೀಟರ್, ಸ್ಟೀಲ್ ಪಾತ್ರೆಯಲ್ಲಿ. ಸಂಜೆ 20 ಮೊಗ್ಗು ತೊಳೆದು ನೀರಿನ ಮೇಲೆ ತೇಲಿಬಿಟ್ಟು ಮುಚ್ಚಿ. ಬೆಳಿಗ್ಗೆ ಐದಕ್ಕೆ ತೆಗೆದುಬಿಡಿ. ಕಂದು ತಿರುಗಿದ ಎಸಳು ನೀರಿನಲ್ಲಿ ಉಳಿದರೆ ಕೊಳೆತ ವಾಸನೆ ಬರುತ್ತದೆ. ಈ ನೀರನ್ನು ಬಾಟಲಿಗೆ ತುಂಬುವ ಮುನ್ನ ಆರಿದ ರಸಕ್ಕೆ ಬೆರೆಸಿ. ಅಷ್ಟು ನೀರನ್ನು ರಸ ತೆಗೆಯುವಾಗಲೇ ಕಡಿಮೆ ಮಾಡಿಕೊಂಡಿರಬೇಕು, ಇಲ್ಲದಿದ್ದರೆ ತೆಳುವಾಗುತ್ತದೆ.

ಮುತ್ತುಗದ ಹೂವನ್ನು ಘಮಕ್ಕೆ ಅಂತ ಹಾಕುವವರಿದ್ದಾರೆ. ಅದರಲ್ಲಿ ಘಮ ಇಲ್ಲ, ಬಣ್ಣ ಇದೆ. ಫೆಬ್ರವರಿ ಮಾರ್ಚ್‌ನಲ್ಲಿ ಬಿದ್ದ ಎಸಳು ಒಣಗಿಸಿಟ್ಟರೆ ಲೀಟರಿಗೆ ಎಂಟು ಹತ್ತು ಸಾಕು. ನಿಂಬೆ ಹುಳಿ ಬಿದ್ದ ಕೂಡಲೇ ಕಿತ್ತಳೆ ಬಣ್ಣ ಹಳದಿಗೆ ತಿರುಗುತ್ತದೆ, ಗಾಬರಿ ಬೇಡ. ಶಂಖಪುಷ್ಪದ ನೀಲಿ ಹುಳಿಗೆ ನೇರಳೆಯಾಗುತ್ತದೆ. ಇದನ್ನು ಪರೀಕ್ಷೆಗೂ ಬಳಸಬಹುದು. ಕಷಾಯ ಒಂದು ಚಮಚ ಬಿಳಿ ಬಟ್ಟಲಲ್ಲಿ, ಅದಕ್ಕೆ ನಿಮ್ಮ ರಸ ಒಂದು ಚಮಚ. ನೀಲಿಯೇ ಉಳಿದರೆ ಹುಳಿ ಸಾಲದು. ರಾಗಿ ರಸಕ್ಕೆ ತನ್ನದೇ ಹುಳಿ ಇಲ್ಲ, ಹಾಗಾಗಿ ಹೆಪ್ಪು ಹಾಕುವ ಮೊದಲು ಲೀಟರಿಗೆ 15 ಮಿ.ಲೀ. ನಿಂಬೆರಸ ಹಾಕಲೇಬೇಕು. ರುಚಿಗಷ್ಟೇ ಅಲ್ಲ, ಕೆಟ್ಟ ಬ್ಯಾಕ್ಟೀರಿಯಾ ಮೊದಲ ಗಂಟೆಗಳಲ್ಲಿ ಬೆಳೆಯದಿರಲೂ ಅದೇ ಕಾವಲು. ಪಿ.ಎಚ್. ಪಟ್ಟಿ (ಹುಳಿ ಅಳೆಯುವ ಕಾಗದ) ಇದ್ದರೆ 4.5ರ ಕೆಳಗಿರಲಿ.

ಒಂದು ಎಚ್ಚರ. ಬಸುರಿಯರಿಗೆ ಬೇವಿನ ಹೂವಿನದ್ದು ಕೊಡಬೇಡಿ.

ಬೆಣ್ಣೆನಗರಿ

ಒಗರು, ಗಂಜಿ ಎರಡೂ ಅರ್ಥ ಆಯ್ತು. ನೊರೆ ಮತ್ತು ಗ್ಯಾಸ್? ಮತ್ತೆ ಇದರಲ್ಲಿ ಆಲ್ಕೋಹಾಲ್ ಎಷ್ಟು ಅಂತ ಮನೆಯಲ್ಲಿ ತಿಳಿಯೋದು ಹೇಗೆ?

ಗೋಲಿಸೋಡ (ಹರಿಹರ)

ಇದನ್ನು ಎಲ್ಲರೂ ಗಮನ ಇಟ್ಟು ಓದಬೇಕು ಅಂತ ಕೇಳಿಕೊಳ್ತೀನಿ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸೋ ಹಾಗಿಲ್ಲ, ಮನೆ ಬಳಕೆಗೆ ಅಂದರೂ ಬಿಯರ್ ಮಾಡೋ ಹಾಗಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಲ್ಲಿ ಮದ್ಯ ಪಾನೀಯ ಅಂದರೆ ಆಲ್ಕೋಹಾಲ್ ಶೇ. 0.5 ದಾಟಿದ್ದು. ಆ ಗೆರೆಯ ಕೆಳಗೆ ನಿಲ್ಲೋದು ನಮ್ಮ ಗುರಿ. ಬೆಣ್ಣೆನಗರಿ ಅವರ 36 ಗಂಟೆ ಬಾಟಲಿ ಆ ಗೆರೆ ದಾಟಿದ್ದು ಖಂಡಿತ.

ಗ್ಯಾಸೂ ಆಲ್ಕೋಹಾಲೂ ಒಂದೇ ಸಕ್ಕರೆಯಿಂದ ಒಟ್ಟಿಗೇ ಹುಟ್ಟುತ್ತವೆ. ಒಂದು ಬೇಕು ಒಂದು ಬೇಡ ಅನ್ನೋಕೆ ಬರಲ್ಲ. ಲೀಟರಿಗೆ 8 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು 4 ಗ್ರಾಂ ಇಂಗಾಲದ ಡೈಆಕ್ಸೈಡ್, ಸುಮಾರು 4 ಗ್ರಾಂ ಆಲ್ಕೋಹಾಲ್. 4 ಗ್ರಾಂ ಅಂದರೆ 5 ಮಿ.ಲೀ, ಅಂದರೆ ಶೇ. 0.5. ನಮ್ಮ ಖರ್ಚಿನ ಮಿತಿ ಈ 8 ಗ್ರಾಂ. ಹೆಪ್ಪಿನಲ್ಲೇ ಸ್ವಲ್ಪ ಆಲ್ಕೋಹಾಲ್ ಇರೋದರಿಂದ 6 ಗ್ರಾಂಗೆ ನಿಲ್ಲಿಸಬೇಕು. ಆದ್ದರಿಂದ ತೆರೆದ ಪಾತ್ರೆಯಲ್ಲಿ ಒಂದು ದಿನ ಹುದುಗಿಸಿ ಆಮೇಲೆ ಬಾಟಲಿಗೆ ಹಾಕೋದು ಈ ಪಾನೀಯಕ್ಕೆ ತಪ್ಪು ದಾರಿ. ಗ್ಯಾಸ್ ಗಾಳಿಗೆ ಹೋಗುತ್ತೆ, ಆಲ್ಕೋಹಾಲ್ ಉಳಿಯುತ್ತೆ. ಹೆಪ್ಪು ಬೆರೆಸಿದ ಕೂಡಲೇ ಬಾಟಲಿಗೆ, ಮುಚ್ಚಳ ಬಿಗಿ.

ಅಳೆಯೋಕೆ ದುಬಾರಿ ಸಾಮಾನು ಬೇಡ, ಡೈರಿಯವರ ಲ್ಯಾಕ್ಟೋಮೀಟರ್ ಸಾಕು. ಅದರಲ್ಲಿ 30 ಅಂದರೆ ಸಾಂದ್ರತೆ 1.030. ರಾಗಿಕಣ ಅವರ ಲೆಕ್ಕದ ರಸ 22ರಿಂದ 25ರಲ್ಲಿ ನಿಲ್ಲುತ್ತೆ. ಲೀಟರಿಗೆ 20 ಗ್ರಾಂ ಸಕ್ಕರೆ ಹಾಕಿದರೆ 30ರಿಂದ 32. ಹೆಪ್ಪು, ನಿಂಬೆರಸ ಬೆರೆಸಿದ ಮೇಲೆ ಮೊದಲ ಅಂಕಿ ಬರೆದಿಡಿ. ಅಲ್ಲಿಂದ 4 ಇಳಿದರೆ ಆಲ್ಕೋಹಾಲ್ ಶೇ. 0.5 ಆಯ್ತು. 3 ಇಳಿದ ಕೂಡಲೇ ಫ್ರಿಜ್‌ಗೆ.

ಇಲ್ಲಿ ಆಗೋ ತಪ್ಪು ಎರಡು. ಒಂದು, ಗ್ಯಾಸ್ ಇರೋ ರಸದಲ್ಲಿ ಅಳೆಯೋದು. ಗುಳ್ಳೆಗಳು ಲ್ಯಾಕ್ಟೋಮೀಟರಿನ ಹೊಟ್ಟೆಗೆ ಅಂಟಿಕೊಂಡು ಅದನ್ನು ಮೇಲಕ್ಕೆ ಎತ್ತುತ್ತವೆ. 27 ಇರೋದು 30 ತೋರಿಸಿ ಮೋಸ ಮಾಡುತ್ತೆ. ಎರಡು ಚೊಂಬಿನಲ್ಲಿ ಟೀ ಆರಿಸೋ ಹಾಗೆ ಎತ್ತಿ ಎತ್ತಿ ಇಪ್ಪತ್ತು ಸಲ ಹೊಯ್ದು, ಐದು ನಿಮಿಷ ಬಿಟ್ಟು ಅಳೆಯಿರಿ. ಎರಡು, ಮೊದಲ ಸಲ ಬಿಸಿಯಲ್ಲಿ, ಎರಡನೇ ಸಲ ತಣ್ಣಗೆ ಅಳೆಯೋದು. ಎರಡೂ ಸಲ ಉಷ್ಣತೆ ಒಂದೇ ಇರಬೇಕು.

ಎಲ್ಲ ಬಾಟಲಿ ತೆರೆದು ನೋಡಬೇಡಿ. ಅದೇ ರಸ ತುಂಬಿದ ಮೂರು ಸಣ್ಣ ಬಾಟಲಿ ಜೊತೆಗಿಡಿ. ಬೇಸಿಗೆಯಾದರೆ 6, 9, 12ನೇ ಗಂಟೆಗೆ ಒಂದೊಂದು ತೆರೆದು ಅಳೆಯಿರಿ. 33 ಡಿಗ್ರಿಯಲ್ಲಿ ಚುರುಕಾದ ಹೆಪ್ಪು ಒಂದೇ ಹಗಲಿನಲ್ಲಿ 3 ಇಳಿಸಿಬಿಡುತ್ತೆ. ಡಿಸೆಂಬರ್‌ನಲ್ಲಿ ಒಂದು ದಿನದ ಮೇಲೆ ಹಿಡಿಯಬಹುದು. ಗಂಟೆ ನೋಡಿ ನಿರ್ಧರಿಸಬೇಡಿ, ಅಂಕಿ ನೋಡಿ.

ಬಾಟಲಿ: ಸೋಡಾ ಅಥವಾ ಕೋಲಾ ಬಂದಿದ್ದ ಪ್ಲಾಸ್ಟಿಕ್ ಬಾಟಲಿ ಮಾತ್ರ. ನೀರಿನ ಬಾಟಲಿ ತೆಳು, ಉಬ್ಬಿ ತಳ ಹೊರಗೆ ಬರುತ್ತೆ. ಶರಬತ್ತಿನ ಗಾಜಿನ ಬಾಟಲಿ ಒತ್ತಡಕ್ಕೆ ಮಾಡಿದ್ದಲ್ಲ, ಒಡೆದರೆ ಚೂರು ಕಣ್ಣಿಗೆ. ಗೋಲಿ ಸೋಡಾ ಬಾಟಲಿಯಲ್ಲೂ ಆಗಲ್ಲ. ಗೋಲಿ ರಬ್ಬರಿಗೆ ಕೂತುಕೊಳ್ಳೋಕೆ ತುಂಬುವಾಗಲೇ ಮಷೀನಿನ ಒತ್ತಡ ಬೇಕು. ಮೇಲೆ ಐದು ಸೆಂಟಿಮೀಟರ್ ಖಾಲಿ ಬಿಡಿ. ತುಂಬಿದ ದಿನ ಬಾಟಲಿ ಒತ್ತಿದರೆ ಬೆರಳು ಒಳಗೆ ಹೋಗುತ್ತೆ. ಒತ್ತಿದರೆ ಕಲ್ಲಿನ ಹಾಗಿದ್ದರೆ ಇಳಿತ 3 ದಾಟಿರುತ್ತೆ.

ಒಂದು ಮಾತು ನೇರವಾಗಿ ಹೇಳ್ತೀನಿ. ಈ ಮಿತಿಯಲ್ಲಿ ಅಂಗಡಿ ಸೋಡಾದಷ್ಟು ಗ್ಯಾಸ್ ಬರಲ್ಲ, ಅರ್ಧಕ್ಕಿಂತ ಕಡಿಮೆ. ಹೆಚ್ಚು ಬೇಕಾದರೆ ರಸವನ್ನು ದುಪ್ಪಟ್ಟು ಗಟ್ಟಿ ಮಾಡಿ, ಲೋಟಕ್ಕೆ ಹಾಕುವಾಗ ಅರ್ಧಕ್ಕರ್ಧ ತಣ್ಣನೆಯ ಗೋಲಿ ಸೋಡಾ ಬೆರೆಸಿ. ಹಾಗೆ ಮಾಡೋದಾದರೆ ಲ್ಯಾಕ್ಟೋಮೀಟರ್ ಅಂಕಿ ಅದರ ಅಳತೆ ದಾಟುತ್ತೆ, ಅಳೆಯುವಾಗ ಅಷ್ಟೇ ನೀರು ಬೆರೆಸಿ ಅಳೆದು, ಇಳಿತವನ್ನು ಎರಡರಿಂದ ಗುಣಿಸಿ.

ಏಳುಸುತ್ತು (ಚಿತ್ರದುರ್ಗ)

ನೊರೆಯ ಪ್ರಶ್ನೆ ಉಳಿಯಿತು. ಗ್ಯಾಸ್ ಬೇರೆ, ನೊರೆ ಬೇರೆ. ಗುಳ್ಳೆ ಒಡೆಯದೆ ನಿಲ್ಲಬೇಕಾದರೆ ಪ್ರೋಟೀನ್ ಬೇಕು. ಹಸಿ ಶುಂಠಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವ ಇದೆ. ಟೀಗೆ ಹಸಿ ಶುಂಠಿ ಜಜ್ಜಿ ಹಾಕಿ, ಕುದಿಸದೆ ಹಾಲು ಸುರಿದರೆ ಒಡೆಯುವುದು ಇದರಿಂದಲೇ. ನಿಮ್ಮ ನೊರೆಗೂ ಅದೇ ಆಯಿತು. ಕುದಿಸಿ ಸೋಸಿ ಉಳಿದ ರಸದ ಲೆಕ್ಕದಲ್ಲಿ ಲೀಟರಿಗೆ ಹೆಪ್ಪು ಸುಮಾರು 50 ಮಿ.ಲೀ. ಹಾಕಿದ್ದೀರಿ. 30ಕ್ಕೆ ಇಳಿಸಿ, ಶುಂಠಿ ತುಣುಕು ಒಂದೂ ಬೀಳದಂತೆ ಬಟ್ಟೆಯಲ್ಲಿ ಸೋಸಿ ಹಾಕಿ. ಶುಂಠಿಯ ಖಾರ ಹೆಚ್ಚು ಬೇಕಾದರೆ ರಸದ ಜೊತೆ ಕುದಿಸಿ, ಕುದಿದ ಶುಂಠಿಯ ಕಿಣ್ವ ಕೆಲಸ ಮಾಡುವುದಿಲ್ಲ. ಇಷ್ಟಾದರೂ ಬಾರ್ಲಿ ಬಿಯರಿನಂಥ ದಪ್ಪ ನೊರೆ ರಾಗಿಯಲ್ಲಿ ನಿರೀಕ್ಷಿಸಬೇಡಿ. ತೆಳುವಾದ ಒಂದು ಪದರ ನಿಂತರೆ ಚೆನ್ನಾಗಿ ಬಂದಿದೆ ಎಂದೇ ಲೆಕ್ಕ.

ಬೆಲ್ಲ ಬಿಡಿ. ಕಪ್ಪು ಬೆಲ್ಲದ ವಾಸನೆ ಆವರಿಕೆಯ ಘಮವನ್ನು ನುಂಗುತ್ತದೆ. ಹಳದಿ ಬೆಲ್ಲಕ್ಕೆ ಬಣ್ಣ ತಿಳಿಯಾಗಲು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿರುತ್ತಾರೆ, ಅದರಲ್ಲಿ ಉಳಿದ ಗಂಧಕದ ಅಂಶ ಹೆಪ್ಪನ್ನು ಮಂದ ಮಾಡುತ್ತದೆ. ಸಕ್ಕರೆಯೇ ಸರಿ.

ಸೂಜಿಮಲ್ಲೆ (ಹೊಳಲ್ಕೆರೆ)

ಎಲ್ಲರ ಬರಹ ಓದಿದೆ. ಏಳುಸುತ್ತು ಸರ್, ನನ್ನ ಶುಂಠಿ ಹೆಪ್ಪೇ ಏಳುತ್ತಿಲ್ಲ. 500 ಮಿ.ಲೀ. ನೀರು, 25 ಗ್ರಾಂ ತುರಿದ ಶುಂಠಿ, 25 ಗ್ರಾಂ ಸಕ್ಕರೆ, ದಿನಾ 10-10 ಗ್ರಾಂ. ಐದು ದಿನವಾದರೂ ಒಂದು ಗುಳ್ಳೆ ಇಲ್ಲ. ಶುಂಠಿ ಪರಿಚಯದ ರೈತರ ಹತ್ತಿರ ತಂದಿದ್ದು, ಬಿತ್ತನೆಗೆ ಇಟ್ಟಿದ್ದು.

ಏಳುಸುತ್ತು (ಚಿತ್ರದುರ್ಗ)

ಮೇಡಂ, ಅದನ್ನು ಈಗಲೇ ಚೆಲ್ಲಿ, ರುಚಿ ಕೂಡ ನೋಡಬೇಡಿ. ಬಿತ್ತನೆ ಶುಂಠಿಯನ್ನು ಕೊಳೆಯದಿರಲಿ ಅಂತ ಮ್ಯಾಂಕೋಜೆಬ್‌ನಂಥ ಶಿಲೀಂಧ್ರನಾಶಕದಲ್ಲಿ ಅದ್ದಿ ಇಡುತ್ತಾರೆ. ಹೆಪ್ಪು ಏಳಿಸುವ ಯೀಸ್ಟ್ ಕೂಡ ಶಿಲೀಂಧ್ರವೇ, ಅದು ಬದುಕುವುದಿಲ್ಲ. ಮುಖ್ಯವಾಗಿ ಅದು ತಿನ್ನುವ ಶುಂಠಿಯೇ ಅಲ್ಲ. ಅಡುಗೆಗೆ ಮಾರುವ, ಮಣ್ಣು ಮೆತ್ತಿದ ನಾಟಿ ಶುಂಠಿ ತನ್ನಿ. ಬಿಳಿಯಾಗಿ ಹೊಳೆಯುವಂತೆ ತೊಳೆದದ್ದು ಬೇಡ. ಮಣ್ಣು ಹೋಗುವಷ್ಟು ತಣ್ಣೀರಿನಲ್ಲಿ ತೊಳೆದು ಸಿಪ್ಪೆ ಸಮೇತ ತುರಿಯಿರಿ, ಯೀಸ್ಟ್ ಸಿಪ್ಪೆಯ ಮೇಲೇ ಇರುತ್ತದೆ. ನಿಮ್ಮ ಅಳತೆ ಸರಿಯಾಗಿದೆ. ಗಾಜಿನ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೆರಡು ಸಲ ಕದಡಿ. 30 ಡಿಗ್ರಿಯಲ್ಲಿ ಮೂರನೇ ದಿನ ತುರಿ ಮೇಲೆ ತೇಲುತ್ತದೆ, ಭರಣಿಗೆ ಕಿವಿ ಇಟ್ಟರೆ ಸಣ್ಣಗೆ ಚಿಟಿಚಿಟಿ ಕೇಳುತ್ತದೆ. ಮೇಲೆ ಬಿಳಿ ತೆಳು ಪೊರೆ ಬಂದರೆ ತೆಗೆದುಹಾಕಿ ಮುಂದುವರಿಸಬಹುದು. ಹಸಿರು, ಕಪ್ಪು, ಕೆಂಪು ಬೂಷ್ಟು ಕಂಡರೆ ಪೂರ್ತಿ ಚೆಲ್ಲಿ, ಭರಣಿಯನ್ನು ಕುದಿಯುವ ನೀರಿನಲ್ಲಿ ತೊಳೆಯಿರಿ.

ಸೂಜಿಮಲ್ಲೆ (ಹೊಳಲ್ಕೆರೆ)

ಧನ್ಯವಾದ ಸರ್. ಮಕ್ಕಳಿಗೆ ಕೊಡಬಹುದಾ? ಮನೆಯಲ್ಲಿ ಅತ್ತೆಯವರು ಮದ್ಯದ ಅಂಶ ಒಂದು ಹನಿಯೂ ಮುಟ್ಟುವುದಿಲ್ಲ.

ಗೋಲಿಸೋಡ (ಹರಿಹರ)

ಅಕ್ಕ, ಹುದುಗಿಸಿದ್ದರಲ್ಲಿ ಸೊನ್ನೆ ಅಂತ ಯಾರೂ ಮಾತು ಕೊಡೋಕಾಗಲ್ಲ. ಅವರಿಬ್ಬರಿಗೂ ಹೆಪ್ಪು ಹಾಕೋ ಮುಂಚಿನ ರಸ ತೆಗೆದಿಟ್ಟು, ನಿಂಬೆರಸ ಹಾಕಿ, ಕುಡಿಯುವಾಗ ಗೋಲಿ ಸೋಡಾ ಬೆರೆಸಿ ಕೊಡಿ. ಹೂವಿನ ಘಮ ಅದರಲ್ಲೇ ಹೆಚ್ಚು ಚೆನ್ನಾಗಿ ಬರುತ್ತೆ. ಸಕ್ಕರೆ ಕಾಯಿಲೆ ಇರೋರಿಗೆ ಎರಡೂ ಬೇಡ, ರಾಗಿ ರಸದ ಸಿಹಿಯೂ ಸಕ್ಕರೆಯೇ.

ಬೆಣ್ಣೆನಗರಿ

ಕೊನೇದು ಎರಡು. ಫ್ರಿಜ್‌ನಲ್ಲಿ ಎಷ್ಟು ದಿನ ಇಡಬಹುದು? ಮತ್ತೆ ಹಗಲು 38 ಡಿಗ್ರಿ ಇರೋ ಏಪ್ರಿಲ್‌ನಲ್ಲಿ ಹೆಪ್ಪು ಓಡಿಹೋಗದ ಹಾಗೆ ಹಿಡಿಯೋದು ಹೇಗೆ?

ಗೋಲಿಸೋಡ (ಹರಿಹರ)

4 ಡಿಗ್ರಿಯಲ್ಲಿ ಹುದುಗು ನಿಧಾನ ಆಗುತ್ತೆ, ನಿಲ್ಲಲ್ಲ. ಐದು ದಿನದೊಳಗೆ ಮುಗಿಸಿ, ದಿನಾ ಬಾಟಲಿ ಒತ್ತಿ ನೋಡಿ. ಕರೆಂಟ್ ಹೋಗಿ ಫ್ರಿಜ್ ಅರ್ಧ ದಿನ ನಿಂತರೆ ಮತ್ತೆ ಅಳೆದೇ ಕುಡಿಯಿರಿ. ಲ್ಯಾಕ್ಟೋಮೀಟರ್ ಇಳಿತ 4 ದಾಟಿದ್ದರೆ ಮೋರಿಗೆ ಚೆಲ್ಲಿ.

ಜಗಳೂರು ಜಾಲಿ

ಬಿಸಿಲಿಗೆ ಮಡಕೆ ಐತಲ್ಲ. ಅಗಲ ಬಾಯಿ ಮಡಕೆಗೆ ನೀರು ತುಂಬಿ ಬಾಟಲಿಗಳನ್ನ ಕತ್ತಿನವರೆಗೆ ಮುಳುಗಿಸ್ರಿ, ಮ್ಯಾಲೆ ಒದ್ದೆ ಗೋಣಿ ಹೊದಿಸಿ ಗಾಳಿ ಆಡೋ ಕಡೆ ನೆರಳಾಗೆ ಇಡ್ರಿ. ನಮ್ಮ ಕಡೆ ಗಾಳಿ ಒಣಾ ಐತೆ, ನೀರು ನಾಲ್ಕೈದು ಡಿಗ್ರಿ ಆರಾಮಾಗಿ ಇಳೀತತೆ. ಹಳೇ ಮಡಕೆಗೆ ರಂಧ್ರ ಕಟ್ಟಿಕೊಂಡಿದ್ರೆ ಇಳಿಯಂಗಿಲ್ಲ, ಹೊರಗೆ ತ್ಯಾವ ಬೆವರ್ತತೋ ಇಲ್ಲೋ ಕೈಯಾಗೆ ಮುಟ್ಟಿ ನೋಡ್ರಿ. ಮಳೆಗಾಲದಾಗೆ ಈ ಉಪಾಯ ನಡೆಯಂಗಿಲ್ಲ.

ರಾಗಿಕಣ (ಹೊಸದುರ್ಗ)

ಸೋಸಿ ಉಳಿದ ಗಸಿ ಚೆಲ್ಲಬೇಡಿ. ಹೂ ಹಾಕುವ ಮುಂಚೆಯೇ ಸೋಸಿರೋದರಿಂದ ಅದರಲ್ಲಿ ಕಹಿ ಇಲ್ಲ. ಅಷ್ಟೇ ಅಕ್ಕಿ ಹಿಟ್ಟು, ಹೆಚ್ಚಿದ ಈರುಳ್ಳಿ, ಹಸಿಮೆಣಸು, ಉಪ್ಪು ಸೇರಿಸಿ ಅದೇ ದಿನ ರೊಟ್ಟಿ ತಟ್ಟಬಹುದು. ಸಂಜೆವರೆಗೆ ಹೊರಗಿಟ್ಟರೆ ಹುಳಿ ಹಿಡಿಯುತ್ತದೆ, ಆಮೇಲೆ ಅದು ದನಕ್ಕೆ.